ಉಜ್ಜಿ ನುಣುಪು ಮಾಡಿದ ಬೆಸುಗೆ

1993ರಲ್ಲಿ ನಾನು ಚಿಕ್ಕಬಳ್ಳಾಪುರದ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಲೆಕ್ಚರರ್ ಆಗಿದ್ದೆ. ವರ್ಕ್‌ಶಾಪಿನ ಉಸ್ತುವಾರಿಯೂ ನನ್ನದೇ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಗಳು ಇಲ್ಲದಿಲ್ಲ. ಆದರೆ ಬರೆಯಲು ಕೂತರೆ ಮೊದಲು ನೆನಪಾಗುವುದು ಇದೇ. ಇದರಲ್ಲಿ ನಾನು ನಡೆದುಕೊಂಡದ್ದು ಹೇಡಿಯ ಹಾಗೆ.

ಆ ವರ್ಷ ಕೆಲವು ಕಾಲೇಜುಗಳು ಸೇರಿ ಒಂದು ಸ್ಪರ್ಧೆ ಇಟ್ಟುಕೊಂಡವು. ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ, ಕೈಯಾರೆ ಕಟ್ಟಿದ ಒಂಟಿ ಸೀಟಿನ ಕಾರುಗಳನ್ನು ಚಿಂತಾಮಣಿ ಕಡೆಯ ಒಂದು ಮೈದಾನದಲ್ಲಿ ಓಡಿಸಬೇಕು. ಹೊರಗಿನವರಾಗಲಿ ಮೇಷ್ಟ್ರುಗಳಾಗಲಿ ಕೈ ಹಚ್ಚುವಂತಿಲ್ಲ. ನಮ್ಮ ಹುಡುಗರು ಗುಜರಿಯಿಂದ ಹಳೇ ಸ್ಕೂಟರಿನ ಎಂಜಿನ್ ತಂದರು, ಕಬ್ಬಿಣದ ಪೈಪು ಬಗ್ಗಿಸಿ ಚಾಸಿ ಮಾಡಿದರು. ಓಡಿಸುವವನು ಮಂಡಿಕಲ್ಲಿನ ಮಂಜುನಾಥ. ವೆಲ್ಡಿಂಗ್ ಪೂರ್ತಿ ಶಿಡ್ಲಘಟ್ಟದ ಸಾದಿಕ್‌ನದು. ಅವನು ಅಬ್ಬಾ ಎಂದು ಕರೆಯುತ್ತಿದ್ದ ತಂದೆ ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. ಮಗನಿಗೆ ಕೆಲಸ ಕಲಿಸಿದವರೂ ಅವರೇ.

ಸಾದಿಕ್‌ನ ಬೆಸುಗೆ ಗಟ್ಟಿ, ನೋಡಲು ಮಾತ್ರ ಚೆಂದವಿರಲಿಲ್ಲ. ನಾನೋ ಮೊದಲೇ ಬಾಯಿಬಡುಕ.

"ಏನಪ್ಪಾ ಇದು, ಅಂಬೊಡೆ ಕರಿದ ಹಾಗಿದೆ!" ಎಂದು ಎಲ್ಲರೆದುರು ಗೇಲಿ ಮಾಡಿದೆ.

ಅವನು ನಕ್ಕು, "ಅಬ್ಬಾ ಬಂದು ಸುತ್ತಿಗೇಲಿ ತಟ್ಟಿ ನೋಡಿದ್ರು ಸಾರ್. ಬಿಟ್ಕೊಳ್ಳಲ್ಲ ಅಂದ್ರು," ಎಂದ.

ಸ್ಪರ್ಧೆಯ ಹಿಂದಿನ ದಿನ ಆಯುಧಪೂಜೆ. ಕಾರಿಗೂ ಪೂಜೆ ಇಟ್ಟುಕೊಂಡಿದ್ದೆವು. ಆಡಳಿತ ಮಂಡಳಿಯವರು ಬರುವವರಿದ್ದರು. ಅವರ ಕಣ್ಣಿಗೆ ಆ ಅಂಬೊಡೆಗಳು ಬಿದ್ದರೆ ನನ್ನ ವರ್ಕ್‌ಶಾಪಿನ ಮರ್ಯಾದೆ ಏನಾಗಬೇಕು ಎಂಬ ಜಂಬ ನನಗೆ. ಹುಡುಗರು ಬಾಳೆಕಂದು, ಬೂದುಗುಂಬಳ ತರಲು ಪೇಟೆಗೆ ಹೋದಾಗ ಗ್ರೈಂಡರ್ ಹಿಡಿದು ಮುಂದಿನ ಚಕ್ರಗಳನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್ಟಿನ ಬೆಸುಗೆಗಳನ್ನು ಉಜ್ಜಿ ನುಣ್ಣಗೆ ಮಾಡಿದೆ. ಮೇಲೆ ಕೆಂಪು ಬಣ್ಣ ಬಳಿದೆ.

ಎರಡು ಲೋಹದ ತುಂಡುಗಳು ಕೂಡುವ ಮೂಲೆಯಲ್ಲಿ ತುಂಬುವ ಬೆಸುಗೆಗೆ ಫಿಲೆಟ್ ವೆಲ್ಡ್ ಎನ್ನುತ್ತಾರೆ. ಅದರ ಶಕ್ತಿ ಇರುವುದು ಅದರ ದಪ್ಪದಲ್ಲಿ. ಉಜ್ಜಿದಷ್ಟೂ ಬಲ ಕಡಿಮೆ. ಇದನ್ನು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದವನು ನಾನೇ! ಒಂಚೂರು ತಾನೇ, ಏನಾಗುತ್ತೆ ಅಂದುಕೊಂಡೆ. ಹುಡುಗರು ಬಂದು ಹೊಸ ಬಣ್ಣ ನೋಡಿ ಖುಷಿಪಟ್ಟರು. ಮುಂಭಾಗಕ್ಕೆಲ್ಲ ಚೆಂಡುಹೂವಿನ ಹಾರ ಸುತ್ತಿದ್ದರಿಂದ ಬಣ್ಣದ ಕೆಳಗೆ ಉಜ್ಜಿದ್ದು ಯಾರಿಗೂ ಗೊತ್ತಾಗಲಿಲ್ಲ. ಹಾರದ ಸಮೇತ ಕಾರು ಲಾರಿ ಹತ್ತಿತು.

ಮರುದಿನ ಮೂರನೇ ಸುತ್ತಿನ ತಿರುವಿನಲ್ಲಿ ಎಡಗಡೆಯ ಮುಂದಿನ ಚಕ್ರ ಬ್ರಾಕೆಟ್ಟಿನ ಸಮೇತ ಕಿತ್ತುಕೊಂಡು ಹೋಯಿತು. ಕಾರು ಪಲ್ಟಿ ಹೊಡೆಯಿತು. ಅಯ್ಯೋ ದೇವರೇ, ಹುಡುಗ ಹೋದ ಎಂದೇ ನಾನು ತಿಳಿದೆ. ಎಲ್ಲರಿಗಿಂತ ಮೊದಲು ಓಡಿ ಕಾರನ್ನು ಎತ್ತಿ ಹಿಡಿದವನು ಸಾದಿಕ್. ಪುಣ್ಯಕ್ಕೆ ಮಂಜುನಾಥನ ಕಾಲರ್‌ಬೋನ್ ಮುರಿದದ್ದರಲ್ಲೇ ಮುಗಿಯಿತು.

ವಾರದ ನಂತರ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ ನಡೆಯಿತು.

"ವೆಲ್ಡಿಂಗ್ ಮಾಡಿದ್ದು ಯಾರಪ್ಪ?" ಎಂದು ಪ್ರಿನ್ಸಿಪಾಲರು ಕೇಳಿದರು.

"ನಾನೇ ಸಾರ್," ಎಂದ ಸಾದಿಕ್.

"ಜೊತೇಲಿ ಓದೋ ಹುಡುಗನ ಜೀವ ತೆಗೀತಿದ್ದೆಯಲ್ಲೋ!"

ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಆ ತಿಂಗಳೇ ನನ್ನ ಬಡ್ತಿ ತೀರ್ಮಾನವಾಗಬೇಕಿತ್ತು. ಬಾಯಿ ಬಿಡಲಿಲ್ಲ. ಸಾದಿಕ್ ಆ ವರ್ಷವಿಡೀ ವರ್ಕ್‌ಶಾಪಿಗೆ ಕಾಲಿಡಬಾರದು ಎಂದು ಬರೆದ ಕಾಗದಕ್ಕೆ ನಾನೂ ಸಹಿ ಹಾಕಿದೆ.

ಮರುದಿನ ಅವನು ಮುರಿದ ಬ್ರಾಕೆಟ್ಟನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಮುರಿದ ಜಾಗದ ಬಣ್ಣ ಕೆರೆದಿದ್ದ. ಗ್ರೈಂಡರಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

"ಯಾರೋ ಉಜ್ಜಿದ್ದಾರೆ ಸಾರ್. ನಾನು ಉಜ್ಜಿಲ್ಲ. ಅಬ್ಬಾ ದಿನಾ ಕೇಳ್ತಾರೆ, ಎಲ್ಲಿ ತಪ್ಪು ಮಾಡ್ದೆ ಅಂತ. ಅವರಿಗೆ ಏನು ಹೇಳ್ಲಿ?"

ವರ್ಕ್‌ಶಾಪಿನ ಬೀಗದಕೈ ಯಾರ ಹತ್ತಿರ ಇರುತ್ತದೆಂದು ಅವನಿಗೆ ಗೊತ್ತಿತ್ತು.

"ಆಗಿದ್ದು ಆಯ್ತು, ಬಿಡಪ್ಪ. ಓದಿನ ಕಡೆ ಗಮನ ಕೊಡು," ಎಂದೆ. ಅವನು ಬ್ರಾಕೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ನನಗೆ ಬಡ್ತಿಯೂ ಸಿಕ್ಕಿತು. ಥೂ, ನನ್ನ ಜನ್ಮಕ್ಕೆ!

ಆರು ವರ್ಷ ಅವನೂರಿನ ಬಸ್ಸು ಕಂಡರೂ ಮುಖ ತಿರುಗಿಸುತ್ತಿದ್ದೆ. 1999ರಲ್ಲಿ ಕೊನೆಗೂ ಶಿಡ್ಲಘಟ್ಟಕ್ಕೆ ಹೋದೆ. ಸಾದಿಕ್ ತಂದೆಯ ಅಂಗಡಿಯನ್ನೇ ನೋಡಿಕೊಳ್ಳುತ್ತಿದ್ದ. "ಬನ್ನಿ ಸಾರ್" ಎಂದು ಎದ್ದು ಸ್ಟೂಲು ಹಾಕಿದ. ನಾನು ಕೂರಲಿಲ್ಲ. ನಿಂತಲ್ಲೇ ಹೇಳಿದೆ: "ಉಜ್ಜಿದ್ದು ನಾನು ಕಣಪ್ಪ. ನಿಂದು ಏನೂ ತಪ್ಪಿರಲಿಲ್ಲ."

"ಗೊತ್ತು ಸಾರ್," ಎಂದ. "ಆಮೇಲೆ ಅಬ್ಬಾ ನನ್ನ ಕೈಗೆ ವೆಲ್ಡಿಂಗ್ ಕೊಡಲೇ ಇಲ್ಲ. ಯಾರೋ ಉಜ್ಜಿದ್ರು ಅಂದ್ರೆ, ನೆಪ ಹೇಳಬೇಡ ಅಂತಿದ್ರು. ಕಣ್ಣು ಮಂಜಾಗಿತ್ತು, ಆದ್ರೂ ಅವರೇ ಮಾಡ್ತಿದ್ರು. ಹೋದ ವರ್ಷ ತೀರ್ಕೊಂಡ್ರು. ಅವರಿದ್ದಾಗ ಬರಬೇಕಿತ್ತು ಸಾರ್."

ನಮ್ಮ ಕೆಲಸದಲ್ಲಿ ತಪ್ಪು ಆಗುತ್ತದೆ. ಅದನ್ನು ಅಂದೇ, ಕೇಳಿದವರ ಮುಂದೆಯೇ ಹೇಳಬೇಕು ಎಂಬುದು ವೃತ್ತಿ ನನಗೆ ಕಲಿಸಿದ ಪಾಠ. ಪ್ರಿನ್ಸಿಪಾಲರು ಕೇಳಿದಾಗ ನಾನು ಒಂದು ಮಾತು ಆಡಿದ್ದರೆ, ಆ ಹಿರಿಯರು ಮಗನ ಕೈಯನ್ನು ನಂಬಿಕೊಂಡೇ ಕಣ್ಣು ಮುಚ್ಚುತ್ತಿದ್ದರು.