ಕಾಗೆಕಾಲು ಕಂಡ ಕಣ್ಣು

ಹರಪನಹಳ್ಳಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದ ಮೇಲೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಬೆಳಕಿನ ಪಾಠ ಬಂದಾಗ ಎರಡು ಕನ್ನಡಿಗಳ ನಡುವೆ ಒಂದೇ ಮೇಣದಬತ್ತಿ ಇಟ್ಟು, ಅದು ಹತ್ತಾಗಿ ಕಾಣುವುದನ್ನು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಸೂಕ್ಷ್ಮದರ್ಶಕದ ಕೆಳಗಿಡುವ ಗಾಜನ್ನು ಒರೆಸದೆ ನೋಡಿದವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತೇನೆ. ಶಾಲೆಯಲ್ಲಿ ನನಗೆ ಸಿಡುಕಿ ಎಂದೇ ಹೆಸರು.

ನಲವತ್ತೈದು ದಾಟಿದ ಮೇಲೆ ನನಗೊಂದು ವಜ್ರದ ಮೂಗುಬೊಟ್ಟಿನ ಹುಚ್ಚು ಹಿಡಿಯಿತು. ನಮ್ಮ ಕಡೆ ವಜ್ರವನ್ನು ಸೀರೆ ಕೊಂಡಂತೆ ಕೊಳ್ಳುವುದಿಲ್ಲ. ಹರಳನ್ನು ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ತಂದು ದೇವರ ಜಗಲಿಯ ಮೇಲೆ ಮೂರು ದಿನ ಇಡುತ್ತೇವೆ. ಆ ಮೂರು ದಿನ ಹಾಲು ಒಡೆಯದಿದ್ದರೆ, ಯಾರೂ ಎಡವಿ ಬೀಳದಿದ್ದರೆ, ಅದು ಮನೆಗೆ ಆಗಿಬಂದ ಹರಳು. ಏನಾದರೂ ಎಡವಟ್ಟಾದರೆ ವಾಪಸ್. ಅಂಗಡಿಯವರಿಗೂ ಇದು ಗೊತ್ತು, ಬೇಜಾರಿಲ್ಲದೆ ಕೊಟ್ಟು ಕಳಿಸುತ್ತಾರೆ. ನಾನು ಮಾತ್ರ ಮೂರು ದಿನದ ಹಂಗು ಬೇಡ, ಹರಳಿನ ಒಳಗೇ ನೋಡಿ ತೀರ್ಮಾನ ಮಾಡುತ್ತೇನೆ ಎಂದು ಅಂಗಡಿಯಲ್ಲಿ ಜಂಬ ಕೊಚ್ಚಿದೆ.

ಅಂಗಡಿಯವರು ವಯಸ್ಸಾದವರು, ತಾಳ್ಮೆಯವರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

"ಕ್ಲಾರಿಟಿ ಅಂದ್ರ ಹೊಳಪಲ್ರಿ ಮೇಡಂ. ಹೊಳಪು ಹರಳಿನ ಮುಖ ಕೊರಿಯೋದ್ರಿಂದ ಬರತೈತಿ. ಕ್ಲಾರಿಟಿ ಅಂದ್ರ ಒಳಗ ಏನ್ ಐತಿ, ಎಷ್ಟ್ ಐತಿ, ಎಲ್ಲಿ ಐತಿ ಅಂತ ನೋಡಾದು. ನೆಲದಾಗ ಹುಟ್ಟಿದ್ದು, ಒಂದ್ ಚುಕ್ಕಿ, ಗರಿಯಂಥಾ ಒಂದ್ ಸೀಳು, ಒಂದೀಟು ಮೋಡದಂಥಾದ್ದು ಇದ್ದಾ ಇರತೈತಿ. ನಟ್ಟನಡುವ ಕರ್ರಗ ಇದ್ರ ಬ್ಯಾಡ. ಅಂಚಿನಾಗ ಇದ್ರ ಬಂಗಾರದ ಹಿಡಿ ಮುಚ್ಚಿಕೊಂತೈತಿ. ಬರೇ ಕಣ್ಣಿಗೆ ಕಾಣಲಿಲ್ಲ ಅಂದ್ರ ಮೂಗಿಗೆ ಅಷ್ಟಾ ಸಾಕು. ಏನೂ ಇಲ್ಲದ್ದು ಬೇಕಂದ್ರ ತಿಜೋರಿಗೆ ತಗೋರಿ, ಮೂಗಿಗಲ್ಲ."

ಇನ್ನೂ ಏನೇನೋ ಹೇಳಿದರು. ನಾನು ಅಷ್ಟರಲ್ಲಿ ಕಣ್ಣಿಗೆ ಗಾಜು ಹಿಡಿದು ಒಳಗಿನ ಗರಿ ಎಣಿಸುವುದರಲ್ಲಿದ್ದೆ. ಕೊನೆಗೆ ಅಂಚಿನಲ್ಲಿ ಒಂದೇ ಚುಕ್ಕಿ ಇದ್ದ ಸಣ್ಣ ಹರಳನ್ನು ಆರಿಸಿದೆ. ನನ್ನ ಉತ್ಸಾಹ ನೋಡಿ ಅವರು ತಮ್ಮ ಹಳೆಯ ಭೂತಗನ್ನಡಿಯನ್ನೂ ಕೊಟ್ಟರು. ಅದನ್ನು ಕೊಟ್ಟದ್ದು ಅವರ ತಪ್ಪಲ್ಲ.

ಆ ಭಾನುವಾರ ಮೂಗುಬೊಟ್ಟು ಧರಿಸಿಕೊಂಡು ಕೊಟ್ಟೂರಿಗೆ ಹೋದೆ. ಅಲ್ಲಿ ನಮ್ಮ ಅತ್ತೆ, ಮೈದುನ ಮತ್ತು ಅವನ ಹೆಂಡತಿ ಇರುತ್ತಾರೆ. ಕಾಫಿ ಆಯಿತು, ಊಟ ಆಯಿತು, ನನ್ನ ಮೂಗನ್ನು ಯಾರೂ ನೋಡಲಿಲ್ಲ. ನೋಡುವುದಾದರೂ ಹೇಗೆ? ಮೈದುನನ ಹೆಂಡತಿಯ ಮೂಗಿನಲ್ಲಿ ನನ್ನದರ ಎರಡರಷ್ಟು ದೊಡ್ಡ ಹರಳಿತ್ತು. ಹೊಳಲಿನಲ್ಲಿದ್ದ ಅವಳ ತಾಯಿ ಎಮ್ಮೆ ಹಾಲು ಮಾರಿ, ವರ್ಷಗಟ್ಟಲೆ ಕೂಡಿಟ್ಟು, ಮದುವೆಗೆಂದು ಮಾಡಿಸಿಕೊಟ್ಟದ್ದು ಅದು. ಎಂಟು ವರ್ಷದಿಂದ ಅವಳು ಅದನ್ನು ಸ್ನಾನಕ್ಕೂ ತೆಗೆದವಳಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಇದಕ್ಕೆ ಬೇರೆ ಹೆಸರು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ನಾನು ಪರ್ಸಿನಿಂದ ಭೂತಗನ್ನಡಿ ತೆಗೆದು ಕ್ಲಾರಿಟಿಯ ಪಾಠ ಶುರುಮಾಡಿದೆ. ಪಾಪ, ಅವಳೇ ಮೂಗುಬೊಟ್ಟು ಬಿಚ್ಚಿ ಕೊಟ್ಟಳು.

"ನಂದೂ ಒಮ್ಮಿ ನೋಡ್ರಿ ಅಕ್ಕಾರ. ನಮ್ಮವ್ವ ಹೆಂಥಾದ್ದು ತಂದಾಳ ಹೇಳ್ರಿ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹರಳಿನ ನಟ್ಟನಡುವೆ ಕರ್ರಗೆ ಒಂದು ಗುರುತು, ಅದರಿಂದ ಮೂರು ಗೆರೆ. ಹಕ್ಕಿಯ ಪಾದದ ಹಾಗೆ ಕಾಣುವ ಇಂಥ ಗುರುತಿಗೆ ನಮ್ಮಲ್ಲಿ ಕಾಗೆಕಾಲು ಎನ್ನುತ್ತಾರೆ. ವಜ್ರಕ್ಕೆ ಅದಕ್ಕಿಂತ ಕೆಟ್ಟ ದೋಷವಿಲ್ಲ, ಅಂಥ ಹರಳು ಇದ್ದ ಮನೆಯಲ್ಲಿ ಕೂಸು ನಿಲ್ಲುವುದಿಲ್ಲ ಎಂಬ ಮಾತು ನಮ್ಮ ಹೆಂಗಸರ ಬಾಯಲ್ಲಿ ಇವತ್ತಿಗೂ ಇದೆ. ಅವಳಿಗೆ ಎರಡು ಬಸಿರು ಇಳಿದುಹೋಗಿದ್ದವು. ಎರಡೂ ನನಗೆ ಗೊತ್ತಿತ್ತು. ನಡುವೆ ಏನೋ ಕಪ್ಪಿದೆ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು.

"ಇದ್ರಾಗ ಕಾಗೆಕಾಲು ಐತಲ್ಲ!" ಎಂದೆ.

ಶೇಂಗಾ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. "ಏನಂದಿ? ಇನ್ನೊಮ್ಮಿ ನೋಡು."

ಇನ್ನೊಮ್ಮೆ ನೋಡಿದೆ. ಇದೆ ಎಂದೆ.

"ಅದಕ್ಕಾ ನೋಡು ಎರಡು ಕೂಸು ನಿಲ್ಲಲಿಲ್ಲ. ನಾನು ಅವಾಗಿಂದ ಏನಂತ ಹೇಳಕ್ಹತ್ತೀನಿ? ಮನಿಗೆ ಏನೋ ಬಂದು ಸೇರೈತಿ ಅಂತ ಹೇಳ್ಲಿಲ್ಲೇನು?"

ಹರಳಿಗೂ ಬಸಿರಿಗೂ ಯಾವ ಸಂಬಂಧವೂ ಇಲ್ಲ ಅತ್ತೆ, ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ನನ್ನ ಕೆಲಸವೇ ಅಂಥ ಮಾತು ಹೇಳುವುದು, ಅದಕ್ಕೇ ಸಂಬಳ. ಆದರೆ ಇಪ್ಪತ್ತು ವರ್ಷದಲ್ಲಿ ನನ್ನ ಒಂದು ಮಾತಿಗೂ ಕಿವಿಗೊಡದ ಅತ್ತೆ ಅವತ್ತು ನನ್ನ ಬಾಯನ್ನೇ ನೋಡುತ್ತಿದ್ದರು. ಅದು ನನಗೆ ಹಿತವಾಗಿತ್ತು. ನಾನು ಸುಮ್ಮನೆ ಕೂತೆ.

"ನಮ್ಮವ್ವ ಮೂರು ದಿನ ದೇವರ ಮುಂದ ಇಟ್ಟಿದ್ಲು. ಏನೂ ಆಗಿದ್ದಿಲ್ಲ," ಎಂದಳು ಅವಳು, ಹರಳನ್ನು ಅಂಗೈಯಲ್ಲಿ ಮುಚ್ಚಿಕೊಂಡು.

ದೋಷದ ಹರಳನ್ನು ಮಾರಬಾರದು, ಇನ್ನೊಬ್ಬರಿಗೆ ಕೊಡಲೂಬಾರದು. ಹೊಳೆಗೆ ಬಿಡಬೇಕು. ಮುಂದಿನ ವಾರ ಅತ್ತೆ ಸೊಸೆಯನ್ನು ಕರೆದುಕೊಂಡು ಮಾಗಳಕ್ಕೆ ಹೋಗಿ ಮೂಗುಬೊಟ್ಟನ್ನು ತುಂಗಭದ್ರೆಗೆ ಹಾಕಿಸಿದರು. ನನ್ನನ್ನೂ ಕರೆದರು. ಕಿರುಪರೀಕ್ಷೆ ಇದೆ ಎಂದು ತಪ್ಪಿಸಿಕೊಂಡೆ.

ಸುದ್ದಿ ಕೇಳಿ ಅವಳ ತಾಯಿ ಹೊಳಲಿನಿಂದ ಬಂದರು. ನಾನೂ ಅವತ್ತು ಕೊಟ್ಟೂರಿನಲ್ಲೇ ಇದ್ದೆ. ಆಕೆ ಪಡಸಾಲೆಗೂ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತು ಬೀಗಿತ್ತಿಯ ಎದುರು ಸೆರಗೊಡ್ಡಿದರು. "ಕಣ್ಣಿಲ್ಲದಾಕಿ ನಾನು. ನೋಡ್ಲಾರದ ತಂದು ಮಗಳ ಮೂಗಿಗೆ ಹಾಕಿಬಿಟ್ನಿ. ಹೊಟ್ಟ್ಯಾಗ ಹಾಕ್ಕೋರಿ," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನೀನರ ನೋಡಿದೆಲ್ಲವ್ವ, ಪುಣ್ಯಾತು," ಎಂದರು. ಆ ಕೈಯ ಒರಟು ನನಗೆ ಇವತ್ತಿಗೂ ನೆನಪಿದೆ. ಅದು ಹಾಲು ಕರೆದು ಕರೆದು ಗಟ್ಟಿಯಾದ ಕೈ.

ಆಮೇಲೆ ದಾವಣಗೆರೆಯ ಡಾಕ್ಟರು ಅವಳಿಗೆ ಥೈರಾಯ್ಡ್ ತೊಂದರೆ ಇದೆ ಎಂದು ಗುಳಿಗೆ ಕೊಟ್ಟರು. ಮರುವರ್ಷ ಹೆಣ್ಣುಮಗು ಹುಟ್ಟಿತು. ಗುಳಿಗೆಯ ಹೆಸರು ಯಾರೂ ಎತ್ತಲಿಲ್ಲ, ನನ್ನ ಕಣ್ಣಿನ ಹೆಸರು ಊರೆಲ್ಲ ಹಬ್ಬಿತು. ಕೊಟ್ಟೂರಿಗೆ ಹೋದರೆ ಸಾಕು, ಓಣಿಯ ಹೆಂಗಸರು ಉಂಗುರ, ಬೆಂಡೋಲೆ ಹಿಡಿದುಕೊಂಡು ಬರುತ್ತಿದ್ದರು. ಕೂಡ್ಲಿಗಿಯಿಂದ ಒಬ್ಬರು ಕಾರು ಮಾಡಿಕೊಂಡು ಬಂದಿದ್ದರು. ನಾನು ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು, ಗಂಭೀರವಾಗಿ ನೋಡಿ, ಇದು ಸರಿ ಇದು ಬೇಡ ಎಂದು ಹೇಳುತ್ತಿದ್ದೆ. ಹೀಗೆ ಎರಡು ವರ್ಷ ಮೆರೆದೆ. ಈಗ ಆ ಕುರ್ಚಿಯನ್ನು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಈ ವರ್ಷದ ಯುಗಾದಿಗೆ ಎಣ್ಣೆ ಸ್ನಾನ ಮಾಡಿ ಕನ್ನಡಿ ನೋಡಿಕೊಂಡಾಗ ನನ್ನ ಮೂಗುಬೊಟ್ಟು ಮಂಕಾಗಿತ್ತು. ಬಿಚ್ಚಿ ಭೂತಗನ್ನಡಿ ಹಿಡಿದೆ. ನಟ್ಟನಡುವೆ ಕರ್ರಗೆ ಒಂದು ಗುರುತು, ಅದರಿಂದ ಮೂರು ಗೆರೆ. ಕೊಳ್ಳುವಾಗ ಅಲ್ಲಿ ಏನೂ ಇರಲಿಲ್ಲ. ನಾನೇ ನೋಡಿ ಆರಿಸಿದ ಹರಳು ಅದು. ಮರುದಿನ ಅಂಗಡಿ ತೆರೆಯುವುದಕ್ಕೆ ಮುಂಚೆಯೇ ಬಾಗಿಲಲ್ಲಿ ನಿಂತಿದ್ದೆ.

ಅಂಗಡಿಯವರು ಅದನ್ನು ಸೋಪಿನ ಬಿಸಿನೀರಲ್ಲಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಹಿಂಬದಿಯನ್ನು ಉಜ್ಜಿ ಕೊಟ್ಟರು. ನೋಡಿದೆ. ಕಾಗೆಕಾಲು ಇರಲಿಲ್ಲ.

"ವಜ್ರಕ್ಕ ಜಿಡ್ಡು ಬಾಳ ಅಂಟತೈತ್ರಿ ಮೇಡಂ. ಅರಿಶಿಣ, ಎಣ್ಣಿ, ಸೋಪು, ಎಲ್ಲಾ ತಳದಾಗ ಹೋಗಿ ಕುಂದ್ರತೈತಿ. ಕೆಳಗಿನ ಮುಖ ಎಲ್ಲಾ ಕನ್ನಡಿ ಇದ್ದಂಗ. ಒಂದು ಚುಕ್ಕಿ ಕೊಳಿ ಮೂರು ನಾಕಾಗಿ ಕಾಣತೈತಿ. ತೊಳದು ನೋಡಬೇಕು ಅಂತ ಅವತ್ತಾ ಹೇಳಿದ್ನಲ್ರಿ."

ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ. ಗಾಜು ಒರೆಸಲಿಲ್ಲವೆಂದು ನಾನು ಬಾಗಿಲ ಹೊರಗೆ ನಿಲ್ಲಿಸಿದ ಮಕ್ಕಳೆಲ್ಲ ಆ ಅಂಗಡಿಯೊಳಗೆ ಬಂದು ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು. ಹೊಳೆ ಪಾಲಾದ ಹರಳಿನಲ್ಲಿದ್ದದ್ದೂ ಕೊಳೆಯೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಎಂಟು ವರ್ಷ ಅರಿಶಿಣ ಎಣ್ಣೆ ಕಂಡು ಒಮ್ಮೆಯೂ ತೊಳೆಸಿಕೊಳ್ಳದ ಹರಳು, ಅದೇ ಜಾಗ, ಅದೇ ಮೂರು ಗೆರೆ. ನನಗೆ ಅನುಮಾನ ಉಳಿದಿಲ್ಲ.

ಅವತ್ತೇ ಕೊಟ್ಟೂರಿನ ಬಸ್ಸು ಹತ್ತಬೇಕಿತ್ತು. ಮೌಲ್ಯಮಾಪನ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ಬಿಸಿಲು ಇಳಿಯಲಿ ಎಂದುಕೊಂಡೆ. ಮಗು ಆಡಿಕೊಂಡಿದೆ, ಮನೆ ತಣ್ಣಗಿದೆ, ಈಗ ಯಾಕೆ ಕೆದಕಬೇಕು ಎಂದೂ ಅಂದುಕೊಂಡೆ. ಎರಡು ಸಲ ಹೋಗಿ, ಉಂಡು, ಏನೂ ಹೇಳದೆ ಬಂದೆ. ನಿಜವಾಗಿ ನನಗೆ ಭಯ ಇದ್ದದ್ದು ಆ ಕುರ್ಚಿ ಹೋಗುತ್ತದೆ ಎಂದು.

ಶ್ರಾವಣದಲ್ಲಿ ಅವಳ ತಾಯಿ ತೀರಿಕೊಂಡರು. ಮಣ್ಣಿಗೆಂದು ಹೊಳಲಿಗೆ ಹೋಗಿದ್ದೆ. ಅವರ ಮನೆಯ ಸೊಸೆ ಅಳುತ್ತಾ ಹೇಳುತ್ತಿದ್ದಳು: "ಜೀವ ಹೋಗೋಮಟ ಅದನ್ನಾ ಅಂದ್ಲವ್ವಾ. ಮಗಳ ಮೂಗಿಗೆ ಕೆಟ್ಟದ್ದು ಹಾಕಿಬಿಟ್ನಿ, ಎರಡು ಕೂಸು ತಿಂದ್ನಿ ಅಂತ." ನಾನು ಆ ಗುಂಪಿನಲ್ಲೇ ನಿಂತಿದ್ದೆ, ಚೆನ್ನಾಗಿ ತೊಳೆಸಿದ ಮೂಗುಬೊಟ್ಟು ಧರಿಸಿಕೊಂಡು. ಆಗಲೂ ಬಾಯಿ ಬಿಡಲಿಲ್ಲ.

ದಸರೆ ಆದ ಮೇಲೆ ಮೈದುನನ ಹೆಂಡತಿ ಮಗುವನ್ನು ಎತ್ತಿಕೊಂಡು ಹರಪನಹಳ್ಳಿಗೆ ಬಂದಳು. ಮಗುವಿನ ಕಿವಿಗೆ ಎರಡು ಸಣ್ಣ ಹರಳು ಬೇಕಿತ್ತು. ನಾನೇ ಆರಿಸಬೇಕಂತೆ. ಅದೇ ಅಂಗಡಿಗೆ ಹೋದೆವು. ಅಂಗಡಿಯವರು ಪೊಟ್ಟಣ ಬಿಚ್ಚಿ ಬಿಳಿ ಕಾಗದದ ಮೇಲೆ ಐದಾರು ಹರಳು ಹರಡಿದರು.

"ನೀವು ನೋಡ್ರಿ ಅಕ್ಕಾರ. ನಿಮ್ಮ ಕಣ್ಣಿಗೆ ಬಿದ್ದ ಮ್ಯಾಲೆ ನನಗ ಧೈರ್ಯ," ಎಂದು ಅವಳು ಭೂತಗನ್ನಡಿಯನ್ನು ನನ್ನ ಕಡೆ ಸರಿಸಿದಳು.

ನನಗೆ ಅದನ್ನು ಮುಟ್ಟಲಾಗಲಿಲ್ಲ. ಅಲ್ಲೇ, ಅಂಗಡಿಯವರ ಎದುರಿಗೇ ಎಲ್ಲ ಹೇಳಿದೆ. ಎಣ್ಣೆ, ಅರಿಶಿಣ, ಬ್ರಷ್ಷು, ಮೂರು ಗೆರೆ. ನಿಮ್ಮವ್ವ ತಂದ ಹರಳು ಚೆನ್ನಾಗಿಯೇ ಇತ್ತು, ನಾನು ತೊಳೆಯದೆ ನೋಡಿ ಬಾಯಿಗೆ ಬಂದದ್ದು ಅಂದೆ, ಎಂದೆ. ನಾನು ಮುಗಿಸಿದ ಮೇಲೆ ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಅಂಗಡಿಯವರಿಗೆ, "ಅವನ್ನ ತೊಳದು ಕೊಡ್ರಿ," ಎಂದಳು. ಅವರು ತೊಳೆದು ಕೊಟ್ಟರು. ಭೂತಗನ್ನಡಿಯನ್ನು ತಾನೇ ಕಣ್ಣಿಗೆ ಹಿಡಿದು, ಬಹಳ ಹೊತ್ತು ನೋಡಿ, ಎರಡನ್ನು ಆರಿಸಿದಳು. ಮೂರು ದಿನಕ್ಕೆಂದು ಪೊಟ್ಟಣ ಕಟ್ಟಿಸಿಕೊಂಡಳು.

ಅಂಗಡಿಯ ಮೆಟ್ಟಿಲು ಇಳಿಯುವಾಗ ನಿಂತು ಕೇಳಿದಳು.

"ನಿಮಗ ಇದು ಯಾವಾಗ ಗೊತ್ತಾತ್ರಿ?"

ಹೋದ ವಾರ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

"ಯುಗಾದಿಗೆ," ಎಂದೆ.

ಅವಳು ಮಗುವಿನ ಅಂಗಿ ಸರಿ ಮಾಡಿದಳು. ಸರಿಯಾಗಿಯೇ ಇದ್ದದ್ದನ್ನು ಮತ್ತೆ ಸರಿ ಮಾಡಿದಳು.

"ಅವಾಗ ನಮ್ಮವ್ವ ಇದ್ಲಲ್ರಿ," ಎಂದಳು.

ಹೌದು, ಇದ್ದರು, ಎಂದೆ.