ಎಣ್ಣೆ ಹಚ್ಚಿದ ಮೊಟ್ಟೆಗಳು

ತೊಂಬತ್ತರ ದಶಕದಲ್ಲಿ ನಾವು ಗಲ್ಫಿನಲ್ಲಿ, ಅಲ್ ಗರಾಫಾದ ಹಳೆಯ ವಿಲ್ಲಾವೊಂದರ ಹಿಂಬದಿಯ ಎರಡು ಕೋಣೆಗಳಲ್ಲಿದ್ದೆವು. ಗಂಡನಿಗೆ ಫ್ಯಾಮಿಲಿ ವೀಸಾ ಸಿಕ್ಕಿದಾಗ ಮಗಳು ಊರಿನಲ್ಲಿ ಆಗಷ್ಟೇ ಶಾಲೆಗೆ ಸೇರಿದ್ದಳು. ಅವಳನ್ನು ಮಂಗಳೂರಿನ ಹತ್ತಿರ ನನ್ನ ಅಮ್ಮನ ಬಳಿ ಬಿಟ್ಟು, ಒಂದೇ ವರ್ಷ ಅಂತ ಹೇಳಿ ವಿಮಾನ ಹತ್ತಿದೆ. ನೋಡನೋಡುತ್ತಾ ವರ್ಷ ನಾಲ್ಕಾಯಿತು.

ಆ ಸಲ ಏಪ್ರಿಲ್ ರಜೆಗೆ ಅವಳು ಬರುವವಳಿದ್ದಳು. ಇಷ್ಟಪಟ್ಟರೆ ಇಲ್ಲಿನ ಇಂಡಿಯನ್ ಶಾಲೆಗೆ ಸೇರಿಸುವುದು, ಒತ್ತಾಯ ಮಾಡುವ ಹಾಗಿಲ್ಲ ಎಂದು ಗಂಡ ಮೊದಲೇ ಹೇಳಿದ್ದರು. ಒತ್ತಾಯ ಬೇಡ, ಆಸೆ ತೋರಿಸಬಹುದಲ್ಲ! ಫೋನಿನಲ್ಲಿ ಅವಳು ಮಾತಾಡುತ್ತಿದ್ದುದೆಲ್ಲ ಅಜ್ಜಿಯ ಕೋಳಿಗಳ ವಿಷಯ. "ನೀನು ಬರುವಾಗ ಇಲ್ಲಿಯೂ ಕೋಳಿಮರಿ ಇರ್ತದೆ" ಎಂದುಬಿಟ್ಟೆ. ಆಗ ನಮ್ಮ ಅಂಗಳದಲ್ಲಿ ಕೋಳಿಯ ಒಂದು ಪುಕ್ಕವೂ ಇರಲಿಲ್ಲ.

"ಎಂತ ಮಾರಾಯ್ತಿ, ಕೋಳಿ ಬೇಕಾದ್ರೆ ಫ್ರೀಜರಲ್ಲಿ ಉಂಟಲ್ಲ" ಎಂದು ಗಂಡ ತಲೆ ಚಚ್ಚಿಕೊಂಡರು. ಆದರೂ ಮುಂದಿನ ಶುಕ್ರವಾರ ಸೂಕ್‌ ಸಂತೆಯಿಂದ ಒಂದು ಹೇಂಟೆ, ಒಂದು ಹುಂಜ ತಂದರು. "ಖಲಾಸ್, ಇನ್ನು ನನ್ನನ್ನು ಎಂತದೂ ಕೇಳ್ಬೇಡ."

ಹೇಂಟೆ ಮೊಟ್ಟೆ ಇಡತೊಡಗಿತು, ಆದರೆ ಕಾವಿಗೆ ಕೂರುವ ಲಕ್ಷಣವೇ ಇಲ್ಲ. ಅದಕ್ಕೇನು, ಮಹಾರಾಣಿ! ಅಲ್ಲಿಯವರೆಗೆ ಮೊಟ್ಟೆ ಕೆಡದ ಹಾಗೆ ನೋಡಿಕೊಳ್ಳಬೇಕಿತ್ತು. ಫ್ರಿಜ್ಜಿನಲ್ಲಿಟ್ಟರೆ ಮರಿಯಾಗುವುದಿಲ್ಲ ಎಂಬಷ್ಟು ನನಗೂ ಗೊತ್ತಿತ್ತು. ಅಮ್ಮ ಊರಿನಲ್ಲಿ ಮೊಟ್ಟೆಗಳಿಗೆ ತೆಂಗಿನೆಣ್ಣೆ ಸವರಿ ಇಡುತ್ತಿದ್ದುದು ನೆನಪಾಯಿತು. ಊರಿನ ಎಣ್ಣೆಯನ್ನೇ ಅಂಗೈಗೆ ಸುರಿದುಕೊಂಡು ಒಂದೊಂದನ್ನೂ ನಿಧಾನವಾಗಿ ಸವರಿದೆ. ಮಗಳ ತಲೆಗೆ ಎಣ್ಣೆ ಹಚ್ಚದೆ ಎಷ್ಟು ಕಾಲವಾಯಿತು ಅನ್ನಿಸಿ ಅಳು ಬಂತು. ಅಳುತ್ತಲೇ ಇನ್ನೊಂದು ಸುತ್ತು ಹಚ್ಚಿದೆ.

ಕೊನೆಗೂ ಹೇಂಟೆ ಕಾವಿಗೆ ಕೂತಿತು. ಮೂರು ವಾರ ಅದು ಅಲ್ಲಾಡಲಿಲ್ಲ. ಇನ್ನೇನು ಮರಿ ಹೊರಬರಬೇಕು ಎನ್ನುವ ಹೊತ್ತಿಗೆ ಸರಿಯಾಗಿ ಮಗಳು ಬಂದಳು. ನನ್ನ ಭುಜದವರೆಗೆ ಬೆಳೆದಿದ್ದಳು. ಮೊದಲು ನನ್ನನ್ನು 'ನೀನು' ಎನ್ನುತ್ತಿದ್ದವಳು ಈಗ 'ನೀವು' ಎನ್ನುತ್ತಿದ್ದಳು. ನಾನು ಕಲಸಿಕೊಟ್ಟ ಅನ್ನದ ತಟ್ಟೆ ಹಿಡಿದುಕೊಂಡು ಗೂಡಿನ ಮುಂದೆಯೇ ಕೂತು ಉಣ್ಣುತ್ತಿದ್ದಳು. ನನಗೆ ಅಷ್ಟೇ ಸಾಕಿತ್ತು.

ದಿನ ದಾಟಿತು, ಒಂದೂ ಒಡೆಯಲಿಲ್ಲ. ಮತ್ತೆ ಕೆಲವು ದಿನ ಕಾದು ಗಂಡ ಗೋಡೆಯಾಚೆ ಒಂದನ್ನು ಒಡೆದು ನೋಡಿದರು. ಕೊಳೆತ ವಾಸನೆ ಅಂಗಳಕ್ಕೆಲ್ಲ ಹರಡಿತು.

ಮಗಳು ಉಳಿದದ್ದರಲ್ಲೊಂದನ್ನು ಎತ್ತಿ ಬೆರಳಿನಿಂದ ಉಜ್ಜಿದಳು. "ಇದಕ್ಕೆ ಎಣ್ಣೆ ಹಚ್ಚಿದ್ದೀರಾ?"

"ಅಜ್ಜಿಯೂ ಹಚ್ಚುವುದಿಲ್ವಾ?"

"ಅದು ತಿನ್ನುವ ಮೊಟ್ಟೆಗೆ. ಕಾವಿಗೆ ಇಡುವುದನ್ನು ಅಜ್ಜಿ ಬೇರೆಯೇ ತೆಗೆದಿಡ್ತಾರೆ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತು ಉಂಟಮ್ಮ, ನಮ್ಮ ಟೀಚರೂ ಹೇಳಿದ್ದಾರೆ. ಮರಿಗೆ ಬೇಕಾದ ಊಟ ಎಲ್ಲ ಒಳಗೇ ಉಂಟು. ಗಾಳಿ ಮಾತ್ರ ಹೊರಗಿಂದ ಬರ್ಬೇಕು, ಕೆಟ್ಟ ಗಾಳಿ ಹೊರಗೆ ಹೋಗ್ಬೇಕು. ಎಣ್ಣೆ ಹಚ್ಚಿದ್ರೆ ತೂತು ಮುಚ್ಚಿ ಹೋಗ್ತದೆ."

ನನಗೆ ಸಿಟ್ಟು ನೆತ್ತಿಗೇರಿತು. ಆ ಟೀಚರ ಮೇಲೆ, ಅರ್ಧ ಮಾತ್ರ ಕಲಿಸಿದ ಅಮ್ಮನ ಮೇಲೆ, ಅರ್ಧ ಕಲಿತು ಇಲ್ಲಿಗೆ ಬಂದ ನನ್ನ ಮೇಲೆ. ಹೇಂಟೆ ಮಾತ್ರ ಉಳಿದ ಮೊಟ್ಟೆಗಳ ಮೇಲೆ ಇನ್ನೂ ಕೂತೇ ಇತ್ತು. ಒಳಗೆ ಊಟವಿತ್ತು, ಮೇಲೆ ಕಾವಿತ್ತು, ಉಸಿರೊಂದೇ ಇರಲಿಲ್ಲ. ಇವಳಿಗೂ ನಾನು ಪೆಟ್ಟಿಗೆ ತುಂಬ ಫ್ರಾಕು, ಹಾಲಿನಪುಡಿ ಕಳಿಸಿದ್ದೆ. ಅವಳ ದಿನಗಳ ಗಾಳಿ ಮಾತ್ರ ನನಗೆ ತಾಗಿರಲಿಲ್ಲ, ನನ್ನದು ಅವಳಿಗೂ.

ಒತ್ತಾಯ ಮಾಡಬಾರದೆಂಬುದು ಮರೆತೇ ಹೋಯಿತು. "ಹಾಗಾದ್ರೆ ನೀನು ಇಲ್ಲಿ ಶಾಲೆಗೆ ಸೇರುವುದಿಲ್ಲ ಅಲ್ವಾ?" ಎಂದು ಕೇಳಿಯೇಬಿಟ್ಟೆ.

ಅವಳು ಹೇಂಟೆಯ ಬೆನ್ನನ್ನೊಮ್ಮೆ ಸವರಿದಳು. ಆಮೇಲೆ ಎದ್ದು ಬಂದು ನನ್ನ ಕೆನ್ನೆ ಒರೆಸಿದಳು. ಫೋನಿನಲ್ಲಿ ಅವಳು ಅತ್ತಾಗಲೆಲ್ಲ ನಾನು ಹೇಳುತ್ತಿದ್ದ ಮಾತನ್ನೇ, ನನ್ನದೇ ದನಿಯಲ್ಲಿ ಹೇಳಿದಳು:

"ಅಳ್ಬೇಡಿ ಅಮ್ಮ. ಮುಂದಿನ ರಜೆಗೆ ಬರ್ತೇನಲ್ಲ."