ನೀರಿಲ್ಲದ ಹೊಳೆಯ ದಂಡೆಯ ಊರು

ನಮ್ಮ ಆಸ್ಪತ್ರೆಯ ಮಕ್ಕಳ ಡಾಕ್ಟರಮ್ಮ ರಜೆಯಲ್ಲಿ ಫ್ರಾನ್ಸಿಗೆ ಹೋಗಿ ಬಂದವರು, ಹೊಳೆಯ ದಂಡೆಯ ಯಾವುದೋ ಹಳೇ ಪಟ್ಟಣದ ಫೋಟೋಗಳನ್ನು ವಾರಗಟ್ಟಲೆ ತೋರಿಸಿದರು. ಕಲ್ಲಿನ ಮನೆ, ಕಲ್ಲಿನ ಸೇತುವೆ, ಸುತ್ತ ದ್ರಾಕ್ಷಿ ತೋಟ, ಕಿಟಕಿಗೊಂದು ಹೂವಿನ ಕುಂಡ. ನೋಡಿ ನೋಡಿ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಗಂಡನಿಗೆ ಹೇಳಿದರೆ, ಸೌದಿಯಲ್ಲಿರುವ ಪರವಾನಗಿ, ಅದೇ ಇಕಾಮಾ, ರಿನ್ಯೂ ಆಗಲಿ, ಅಮ್ಮನ ವಿಸಿಟ್ ವೀಸಾ ಮುಗಿಯಲಿ ಎಂದು ಅದೇ ಮಾಮೂಲಿ ರಾಗ. ಹಾಗಾದರೆ ಇಲ್ಲಿನ ಫ್ರಾನ್ಸನ್ನೇ ನೋಡಿ ಬರುತ್ತೇನೆ ಎಂದು ಹಟ ಹಿಡಿದೆ. ನಾವಿರುವ ಅಭಾದಿಂದ ಘಾಟಿ ಇಳಿದರೆ ಕಣಿವೆಯಲ್ಲಿ ಅಂಥದೇ ಒಂದು ಕಲ್ಲಿನ ಊರಿದೆ, ಕೆಳಗೆ ಹೊಳೆಯಿದೆ ಎಂದು ವಾರ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಸೌದಿ ನರ್ಸೊಬ್ಬಳು ಹೇಳಿದ್ದಳು. ಹೊಳೆಯಲ್ಲಿ ನೀರಿಲ್ಲ ಎನ್ನುವುದನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಗಂಡನಿಗೆ ತುರ್ತು ಡ್ಯೂಟಿ ಬಿತ್ತು. ಒಳ್ಳೆಯದೇ ಆಯಿತೆಂದು ನಾನೇ ಕಾರು ತೆಗೆದೆ. ನಾನು ಓಡಿಸುವಾಗ ಅವನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕ್ ತುಳಿಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಮಗಳು. ಅತ್ತೆ ಕುಂದಾಪುರದ ಕಡೆಯವರು, ಸೌದಿಗೆ ಬಂದದ್ದು ಅದೇ ಮೊದಲು. ಮಗಳಿಗೆ ಎಂಟು ವರ್ಷ, ಬಾಯಿ ಬಿಟ್ಟರೆ ಇಂಗ್ಲಿಷ್. ಅಜ್ಜಿ ಬಂದ ಮೇಲಷ್ಟೇ ಅವಳ ನಾಲಗೆಗೆ ಕನ್ನಡ ಹತ್ತಿತ್ತು. ಇಬ್ಬರೂ ದಿನವಿಡೀ ಗುಸುಗುಸು ಮಾತಾಡುತ್ತಿದ್ದರು. ಡ್ಯೂಟಿ ಮುಗಿಸಿ ಬರುವ ನನಗೆ, ತಲೆ ತಿನ್ನುವವರು ಇಲ್ಲವಲ್ಲ ಎಂಬುದೇ ದೊಡ್ಡ ಸಮಾಧಾನವಾಗಿತ್ತು.

ಘಾಟಿಯ ಮೇಲೆ ಮಂಜು ಮುಸುಕಿತ್ತು. ರಸ್ತೆ ಬದಿಯ ಕಟ್ಟೆಯ ಮೇಲೆ ದೊಡ್ಡ ದೊಡ್ಡ ಮಂಗಗಳು ಸಾಲಾಗಿ ಕೂತು ಕಾರಿನೊಳಗೆ ಇಣುಕುತ್ತಿದ್ದವು. ಸುರಂಗ ದಾಟಿ, ತಿರುವು ದಾಟಿ ಕೆಳಗಿಳಿದಂತೆ ಮಂಜು ಹರಿಯಿತು, ಬಿಸಿಲು ಚುರುಗುಟ್ಟಿತು, ಕಿವಿ ಗುಂಯ್ ಎಂದು ಮುಚ್ಚಿಕೊಂಡಿತು. ಕಣಿವೆಯ ತಳಕ್ಕೆ ಬಂದು ಕಾರು ನಿಲ್ಲಿಸಿದಾಗಲೂ ಕಿವಿ ಬಿಡಲಿಲ್ಲ. ಆಮೇಲೆ ಗೊತ್ತಾಯಿತು, ಕಿವಿ ಸರಿಯಾಗಿಯೇ ಇತ್ತು. ಕೇಳಲು ಅಲ್ಲಿ ಯಾವ ಸದ್ದೂ ಇರಲಿಲ್ಲ.

ಊರು ಗುಡ್ಡದ ಮೈಗೆ ಅಂಟಿಕೊಂಡಿತ್ತು. ಮೂರು ಮಹಡಿ, ನಾಲ್ಕು ಮಹಡಿಯ ಕಪ್ಪು ಕಲ್ಲಿನ ಮನೆಗಳು. ಸಣ್ಣ ಸಣ್ಣ ಕಿಟಕಿಗಳು, ಪ್ರತಿ ಕಿಟಕಿಯ ಸುತ್ತ ಬಿಳಿ ಕಲ್ಲಿನ ಅಂಚು. ಮನುಷ್ಯರೆಲ್ಲ ಯಾವತ್ತೋ ಮೇಲಿನ ಹೊಸ ಊರಿಗೆ ಹೋಗಿದ್ದರು. ಊರಬಾಗಿಲಲ್ಲಿ ಕಾವಲಿಗೆ ಕೂತ ಮುದುಕನೊಬ್ಬನೇ ಇದ್ದ. ಸಣ್ಣ ಕಪ್ಪಿನಲ್ಲಿ ಅರಬ್ಬಿ ಕಾಫಿ ಕಹ್ವಾ ಕೊಟ್ಟ. ಆಮೇಲೆ ದೂರದ ಬೆಟ್ಟದ ತುದಿಯಲ್ಲಿ ಕಟ್ಟಿದ್ದ ಕಪ್ಪು ಮೋಡ ತೋರಿಸಿ, ಅಲ್ಲಿ ಮಳೆ ಬಿದ್ದರೆ ಇಲ್ಲಿ ಹೊಳೆ ಬರುತ್ತದೆ, ಕೆಳಗಿಳಿಯಬೇಡಿ ಎಂದ. ನಮ್ಮ ತಲೆಯ ಮೇಲೆ ಒಂದು ತುಂಡು ಮೋಡವೂ ಇರಲಿಲ್ಲ. ಮಳೆ ನೆತ್ತಿಯ ಮೇಲೆ ಸುರಿದು, ಹೊಳೆ ಕಣ್ಣೆದುರೇ ಏರುವುದನ್ನು ನೋಡಿ ಬೆಳೆದವರು ನಾವು. ಆದರೂ ಮಗಳ ಕಿವಿ ಹಿಂಡಿ, ಕೆಳಗೆ ಹೋದರೆ ಕಾಲು ಮುರಿಯುತ್ತೇನೆ ಎಂದು ಹೇಳಿಯೇ ಒಳಗೆ ಕಾಲಿಟ್ಟೆ.

ಫೋಟೋ ತೆಗೆಯಲೆಂದು ಹೋದವಳು ನಾನು. ಎರಡು ತೆಗೆದು ಫೋನ್ ಚೀಲಕ್ಕೆ ಹಾಕಿದೆ. ಮನೆಗಳ ಒಳಗೋಡೆಗಳಿಗೆ ಹಿಂದಿನ ಹೆಂಗಸರು ಕೆಂಪು, ಹಳದಿ, ಹಸಿರು ಗೆರೆಗಳ ಚಿತ್ತಾರ ಬರೆದಿದ್ದರು. ಕತ್ತಲ ಕೋಣೆಯಲ್ಲಿ ಅದೊಂದೇ ಎದ್ದು ಕಾಣುತ್ತಿತ್ತು, ಮನೆಯವರು ಇಲ್ಲೇ ಪಕ್ಕಕ್ಕೆ ಎದ್ದು ಹೋಗಿದ್ದಾರೆ ಅನ್ನಿಸುತ್ತಿತ್ತು. ಹೊರಗೆ ಬಂದರೆ, ಆಗಷ್ಟೇ ಹೊಳೆಯ ಮರಳಿನಲ್ಲಿ ಮೇಯುತ್ತಿದ್ದ ಆಡುಗಳೆಲ್ಲ ಮೇಲೇರಿ, ಕಟ್ಟೆಗಳ ಮೇಲೆ ಅಲುಗಾಡದೆ ನಿಂತು ಕೆಳಗೇ ನೋಡುತ್ತಿದ್ದವು. ಒಂದೂ ಬಾಯಿ ಬಿಡಲಿಲ್ಲ. ಒದ್ದೆ ಮಣ್ಣಿನ ವಾಸನೆ ಬಂತು. ಅತ್ತೆ ಮೂಗು ಅರಳಿಸಿ, ಊರ ವಾಸನೆ ಎಂದು ಖುಷಿಪಟ್ಟರು. ಎಲ್ಲೂ ಒಂದು ಹನಿ ಬೀಳದೆ ಎಲ್ಲಿಂದ ಬಂತು ಈ ವಾಸನೆ ಎಂದು ನನಗೆ ಮಾತ್ರ ಅದು ಹಿಡಿಸಲಿಲ್ಲ, ಹೊರಡುವ ಎಂದು ತಿರುಗಿದೆ. ಮಗಳು ಇರಲಿಲ್ಲ.

ಮೊದಲು ಸಿಟ್ಟೇ ಬಂತು. ಹೆಸರು ಹಿಡಿದು ಕೂಗಲು ಬಾಯಿ ತೆರೆದೆ, ಅತ್ತೆಯ ಅಂಗೈ ನನ್ನ ಬಾಯಿ ಮುಚ್ಚಿತು.

"ಹೆಸ್ರ್ ಹಿಡ್ದ್ ಕರಿಬೇಡ ಹೆಣೆ. ಜನ ಇಲ್ದಿದ್ ಜಾಗ ಇದ್."

ಜನರಿಲ್ಲದಲ್ಲಿ ಹೆಸರು ಹೇಳಿದರೆ, ಕೇಳಬಾರದ್ದು ಕೇಳಿಸಿಕೊಂಡು ಅದೇ ಹೆಸರಿನಿಂದ ಕರೆಯುತ್ತದಂತೆ. ನಾನು ಕೈ ಕಿತ್ತು ಬಿಸಾಡಿದೆ. ಇವರ ಭೂತಪ್ರೇತ ಕಟ್ಟಿಕೊಂಡು ನನಗೇನಾಗಬೇಕು. ಆದರೆ ಹೆಸರು ಮಾತ್ರ ಯಾಕೋ ನಾಲಗೆಯಿಂದ ಹೊರಗೆ ಬರಲಿಲ್ಲ. ಬರೀ "ಮಗಾ" ಎಂದು ಕೂಗಿದೆ. ಇನ್ನೊಂದು ಓಣಿಗೆ ಓಡಿ ಅಲ್ಲಿಂದ ಕೂಗಿದೆ, ಮೆಟ್ಟಿಲು ಹತ್ತಿ ಇನ್ನೊಂದು ಅಂಗಳದಿಂದ ಕೂಗಿದೆ. ನನ್ನ ದನಿ ಎದುರು ಗುಡ್ಡಕ್ಕೆ ಬಡಿದು, ಬೇರೆ ಯಾರದೋ ದನಿಯ ಹಾಗೆ ತಡವಾಗಿ ವಾಪಸು ಬರುತ್ತಿತ್ತು. ಅಷ್ಟರಲ್ಲಿ ಕಣಿವೆಯ ಮೇಲ್ಭಾಗದಿಂದ ಸದ್ದು ಶುರುವಾಯಿತು. ಘಾಟಿಯಲ್ಲಿ ಲಾರಿಗಳ ಸಾಲು ಇಳಿಯುವಂಥ ಸದ್ದು. ಬಾಗಿಲಲ್ಲಿದ್ದ ಮುದುಕ ಎರಡೂ ಕೈ ಬೀಸುತ್ತ, ಯಲ್ಲಾ, ಮೇಲೆ, ಮೇಲೆ ಎಂದು ಅರಚುತ್ತಿದ್ದ.

ಮಗಳು ಹೊಳೆಗೇ ಇಳಿದಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಬೇಡ ಎಂದದ್ದನ್ನೇ ಮಾಡುವ ಬುದ್ಧಿ ಅವಳಿಗೆ ನನ್ನಿಂದಲೇ ಬಂದದ್ದು. ನಾನು ಮರಳಿಗೆ ಇಳಿಯುವ ಮೆಟ್ಟಿಲ ಕಡೆ ಓಡಿದೆ. ಅರ್ಧ ಇಳಿದಿದ್ದೆನೋ ಏನೋ, ಅತ್ತೆ ಮೇಲಿನಿಂದ ನನ್ನ ದುಪಟ್ಟಾ ಹಿಡಿದು ಎಳೆದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನೇ ಮಗೀಗೆ ಹೇಳಿಕೊಟ್ಟದ್, ಒಂದೇ ಸಲ ಕರದ್ರೆ ಓಗೊಡ್ಬೇಡ ಅಂದ್ಹೇಳಿ. ಮಗು ಇಲ್ಲೇ ಎಲ್ಲೋ ಇತ್ತ್. ನಿಂತ್ಕಂಡ್ ಮೂರ್ ಸಲ ಕರಿ."

ಮನುಷ್ಯರಲ್ಲದ್ದು ಒಂದೇ ಸಲ ಕರೆಯುತ್ತದೆ, ಮೂರು ಸಲ ಕರೆಯಲು ಅದಕ್ಕೆ ಬರುವುದಿಲ್ಲ. ಇದು ಅವರಿಬ್ಬರ ಗುಸುಗುಸುವಿನಲ್ಲಿ ನನ್ನ ಮಗಳು ಕಲಿತ ಪಾಠ. ನಾನು ಓಡಿ ಓಡಿ ಒಂದೊಂದು ಕಡೆಯಿಂದ ಒಂದೊಂದೇ ಸಲ ಕೂಗಿದ್ದೆ. ಮೆಟ್ಟಿಲ ಮೇಲೇ ನಿಂತು, ಅತ್ತೆ ಬೇಡವೆಂದಿದ್ದ ಹೆಸರನ್ನೇ ಹಿಡಿದು, ಮೂರು ಸಲ ಗಂಟಲು ಹರಿಯುವ ಹಾಗೆ ಕೂಗಿದೆ. "ಓ" ಎಂದು ಸಣ್ಣ ದನಿ ಬಂತು, ನಮ್ಮ ಹಿಂದಿನಿಂದ, ಮೇಲಿನ ಸಾಲಿನ ಮನೆಯೊಂದರ ಮಹಡಿಯಿಂದ.

ನಾವು ಆ ಮನೆಯ ಬಾಗಿಲು ಮುಟ್ಟಿದ ಮೇಲೆ ಹೊಳೆ ಬಂತು. ಮೊದಲು ಒಣಕಲು ಕೊಂಬೆಗಳು ತಾವೇ ನಡೆದು ಬರುವಂತೆ ಕಂಡವು, ಹಿಂದೆಯೇ ಕೆಂಪು ನೀರು ದಡದಿಂದ ದಡಕ್ಕೆ. ಬೇಲಿ, ನೀರಿನ ಟ್ಯಾಂಕು, ಇಡೀ ಒಂದು ಮರ ಉರುಳಿಕೊಂಡು ಹೋದವು. ನಾನು ನಿಂತಿದ್ದ ಮೆಟ್ಟಿಲು ಕಾಣಲೇ ಇಲ್ಲ. ಆಕಾಶ ಮಾತ್ರ ಮೊದಲಿನ ಹಾಗೆಯೇ ನೀಲಿಯಾಗಿತ್ತು.

ಮಗಳು ಚಿತ್ತಾರದ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಬಾಚಿ ಅಪ್ಪಿಕೊಂಡೆ, ಬೆನ್ನಿಗೆರಡು ಬಾರಿಸಿದೆ, ಮತ್ತೆ ಅಪ್ಪಿಕೊಂಡೆ, ಜೋರಾಗಿ ಅತ್ತುಬಿಟ್ಟೆ. ಬಣ್ಣ ನೋಡಲು ಮಹಡಿ ಹತ್ತಿದ್ದಳಂತೆ. ನಾನು ಕೂಗಿದ್ದೆಲ್ಲ ಕೇಳಿಸಿತಂತೆ. ಕೇಳಿಸಿಯೂ ಓಗೊಡದೆ ಕೂತೆಯಲ್ಲ ಎಂದು ಗದರಿದ್ದಕ್ಕೆ ಅವಳು ಅಜ್ಜಿಯ ಮುಖ ನೋಡಿದಳು.

"ನೀನು ಫಸ್ಟು ಹೊಳೆಯಿಂದ ಕರೆದೆ ಅಲ್ವಾ ಅಮ್ಮ, ನನ್ನ ಹೆಸರು ಹೇಳಿ, ಇಲ್ಲಿ ಬಾ ಅಂತ. ಒಂದೇ ಸಲ ಕರೆದೆ. ಅದಕ್ಕೇ ನಾನು ಬರ್ಲಿಲ್ಲ."

ನಾನು ಹೊಳೆಗೆ ಇಳಿದಿರಲಿಲ್ಲ. ಮೆಟ್ಟಿಲ ಮೇಲೆ ನಿಲ್ಲುವ ತನಕ ಅವಳ ಹೆಸರನ್ನು ಬಾಯಲ್ಲಿ ತಂದಿರಲೇ ಇಲ್ಲ. ಯಾರ ದನಿ ಎಂದು ಕೇಳಿದೆ. ನಿನ್ನದೇ, ಆದರೆ ಸಿಟ್ಟಿರಲಿಲ್ಲ ಎಂದಳು.

ಮುದುಕ ನಮ್ಮನ್ನು ಕಾರಿನ ತನಕ ಬಿಟ್ಟು, ದೇವರು ದೊಡ್ಡವನು ಎಂದು ಹೋದ. ಘಾಟಿ ಹತ್ತುವಾಗ ಮಗಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಹತ್ತು ವರ್ಷದಲ್ಲಿ ಒಮ್ಮೆಯೂ ನಾನು ಅತ್ತೆಯ ಮಾತಿಗೆ ಸೈ ಅಂದವಳಲ್ಲ. ಆ ದಿನ ಮೊದಲ ಸಲ, ಅವರಿಗೆ ಎಲ್ಲ ಗೊತ್ತಿರಲಿ, ಇದಕ್ಕೊಂದು ಮದ್ದು, ಒಂದು ದಾರ, ಒಂದು ಹರಕೆ ಏನಾದರೂ ಹೇಳಲಿ ಎಂದು ಆಸೆಯಾಯಿತು. ಅದು ಏನತ್ತೆ, ಇನ್ನು ಏನು ಮಾಡಬೇಕು ಎಂದು ಕನ್ನಡಿಯಲ್ಲಿ ಅವರನ್ನೇ ನೋಡುತ್ತ ಕೇಳಿದೆ. ಅವರು ಮೊಮ್ಮಗಳ ಕಿವಿಯ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದರು.

"ನಂಗೂ ಗೊತ್ತಿಲ್ಲೆ ಹೆಣೆ. ನನ್ನ್ ಹೆತ್ತ್ ಅಬ್ಬಿ ಹೇಳ್ತಿದ್ಳ್, ನಾನೂ ಹೇಳ್ದೆ. ನಿಜವಾಗಿ ಕೇಂಡವ್ರನ್ನ್ ನಾನ್ ಇವತ್ತೇ ಕಾಂಬುದ್."